ಮಳೆ ಲೆಕ್ಕದ ತಂತ್ರಾಂಶಕ್ಕೆ ನಾನು ಟೆಸ್ಟ್ ಬರೆಯುವ ರೀತಿ

ಮಲೆನಾಡಿನ ತೋಟದ ಮನೆಗಳಲ್ಲಿ ಮಳೆ ಅಳೆದು ಬರೆದಿಡುವವರಿದ್ದಾರೆ. ಆ ಲೆಕ್ಕಕ್ಕಾಗಿ ನಾವು ಕೆಲವರು ಸೇರಿ ಪೈಥಾನ್‌ನಲ್ಲಿ ಓಪನ್ ಸೋರ್ಸ್ (ಯಾರು ಬೇಕಾದರೂ ಕೋಡ್ ನೋಡಿ ತಿದ್ದಬಹುದಾದ) ತಂತ್ರಾಂಶ ನಡೆಸುತ್ತಿದ್ದೇವೆ. ಕೋಡ್ ಕಳಿಸುವ ಎಷ್ಟೋ ಜನ ಆಗುಂಬೆ ಕಡೆ ಬಂದವರೇ ಅಲ್ಲ. ಇಲ್ಲಿನ ಕ್ರಮ ಅವರಿಗೆ ಗೊತ್ತಾಗಬೇಕಾದ್ದು, ಕೋಡ್ ಸರಿಯಾಗಿ ಲೆಕ್ಕ ಹಾಕುತ್ತಿದೆಯೇ ಎಂದು ಪರೀಕ್ಷಿಸುವ ಸಣ್ಣ ಕೋಡ್, ಅಂದರೆ ಟೆಸ್ಟ್‌ನಿಂದಲೇ.

ಟೆಸ್ಟ್‌ಗೆ ಇಂಟರ್ನೆಟ್ ಬೇಕಾಗಬಾರದು ಅನ್ನುವುದರಲ್ಲಿ ನಾನು ಹಟಮಾರಿ. ಜುಲೈನಲ್ಲಿ ಕರೆಂಟ್ ಹೋದರೆ ಹಿಂದೆಯೇ ನೆಟ್‌ವರ್ಕೂ ಹೋಗುತ್ತದೆ. ಲ್ಯಾಪ್‌ಟಾಪಿನ ಬ್ಯಾಟರಿ ಇರುವಷ್ಟು ಹೊತ್ತು ಕೆಲಸ ಸಾಗಬೇಕಲ್ವಾ? ಬೇಕಾದ ಡೇಟಾವನ್ನು ಸಣ್ಣ ಫೈಲ್ ಮಾಡಿ ಟೆಸ್ಟ್ ಜೊತೆಗೇ ಇಟ್ಟಿದ್ದೇನೆ.

ಜಾಸ್ತಿ ತಲೆ ತಿಂದಿದ್ದು ಸಮಯ. ಹವಾಮಾನ ಇಲಾಖೆಯ ಲೆಕ್ಕದಲ್ಲಿ ಮಳೆಯ ದಿನ ಮುಗಿಯುವುದು ಬೆಳಿಗ್ಗೆ 8:30ಕ್ಕೆ. ಆಮೇಲೆ ಬಿದ್ದ ಮಳೆ ನಾಳೆಯ ಲೆಕ್ಕಕ್ಕೆ. ಆದರೆ ನಮ್ಮ ಟೆಸ್ಟ್ ಓಡುವ ಸರ್ವರಿನ ಗಡಿಯಾರ ಯುಟಿಸಿಯಲ್ಲಿದೆ (ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ), ನಮಗಿಂತ ಐದೂವರೆ ಗಂಟೆ ಹಿಂದೆ. ಬೆಳಗಿನ ಜಾವ ನಮಗೆ ತಾರೀಖು ಬದಲಾಗಿದ್ದರೂ ಅಲ್ಲಿ ಇನ್ನೂ ನಿನ್ನೆಯೇ. ಹಾಗಾಗಿ ದಿನ ಲೆಕ್ಕ ಹಾಕುವ ಫಂಕ್ಷನ್ (ಕೋಡಿನ ತುಣುಕು) ತಾನೇ ಗಡಿಯಾರ ನೋಡುವಂತಿಲ್ಲ, ಸಮಯವನ್ನು ಹೊರಗಿನಿಂದ ಕೊಡಬೇಕು. 8:29, 8:30, 8:31 ಮೂರಕ್ಕೂ ಟೆಸ್ಟ್ ಇದೆ. ತಪ್ಪು ಕೂರುವುದು ಇಂಥ ಗಡಿಯಲ್ಲೇ.

ಊರ ಹೆಸರಿನದ್ದು ಇನ್ನೊಂದು ತರಲೆ. 'ಹೊಸನಗರ'ದ 'ಹೊ' ಯುನಿಕೋಡಿನಲ್ಲಿ (ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಸಂಕೇತ ಪದ್ಧತಿ) ಎರಡು ರೀತಿ ಬರಬಹುದು: 'ಹ'ಕಾರಕ್ಕೆ ಒತ್ವದ ಒಂದೇ ಚಿಹ್ನೆ, ಇಲ್ಲವೇ ಎತ್ವ, ಊತ್ವ ಎರಡೂ ಸೇರಿ. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಹೀಗಾದರೆ ಒಂದೇ ಊರಿನ ಮಳೆ ಎರಡು ಸಾಲಿಗೆ ಹಂಚಿಹೋಗುತ್ತದೆ. ಎರಡನ್ನೂ, ಬಿಡಿ ಚಿಹ್ನೆಗಳನ್ನು ಒಂದಾಗಿ ಕೂಡಿಸುವ ಎನ್‌ಎಫ್‌ಸಿ ರೂಪಕ್ಕೆ ತಂದು, ಸಮ ಬರುತ್ತದೆಯೇ ಎಂದು ಟೆಸ್ಟ್ ನೋಡುತ್ತದೆ.

ಯಾರಾದರೂ ಬಗ್ ಸರಿ ಮಾಡಿ ಕಳಿಸಿದರೆ, ಜೊತೆಗಿನ ಟೆಸ್ಟನ್ನು ಮೊದಲು ಹಳೇ ಕೋಡಿನ ಮೇಲೆ ಓಡಿಸುತ್ತೇನೆ. ಅಲ್ಲಿ ಫೇಲ್ ಆಗದಿದ್ದರೆ ಆ ಟೆಸ್ಟ್ ಏನನ್ನೂ ಕಾಯುತ್ತಿಲ್ಲ. ವಾಪಸ್ ಕಳಿಸುತ್ತೇನೆ.

ಕವರೇಜ್ (ಟೆಸ್ಟ್ ಓಡಿಸಿ ನೋಡುವ ಕೋಡಿನ ಪಾಲು) ನೂರಕ್ಕೆ ನೂರು ಇರಬೇಕೆಂದು ಕೆಲವರ ವಾದ. ನನಗೆ ಒಪ್ಪಿಗೆಯಿಲ್ಲ. ಗ್ರಾಫಿನ ಬಣ್ಣಕ್ಕೆಲ್ಲ ಸುಮ್ನೆ ಟೆಸ್ಟ್ ಯಾಕೆ? ಅದೇ ಹೊತ್ತನ್ನು 'ಅಳೆಯದ ದಿನ ಸೊನ್ನೆಯಲ್ಲ' ಎಂಬ ಟೆಸ್ಟ್‌ಗೆ ಕೊಟ್ಟೆ. ಮನೆಯವರು ಮದುವೆಗೆ ಹೋಗಿ ಮಳೆ ಅಳೆಯದೇ ಇದ್ದರೆ ಆ ಜಾಗ ಖಾಲಿಯೇ ಇರಬೇಕು. ಅಲ್ಲಿ ಸೊನ್ನೆ ತುಂಬಿದರೆ ತಿಂಗಳ ಸರಾಸರಿಯೇ ಇಳಿದುಬಿಡುತ್ತದೆ.