ಬಿಪಿ ಬಿದ್ದ ನಿಮಿಷಗಳ ಲೆಕ್ಕ

ಕಬ್ಬು ನುರಿಸುವ ಸೀಸನ್ ಶುರುವಾಯಿತು ಅಂತ ವಿಜಯಪುರದ ಅರಿವಳಿಕೆ ವೈದ್ಯರಿಗೆ ಯಾರೂ ಹೇಳಬೇಕಿಲ್ಲ. ರಾತ್ರಿ ಫೋನ್‌ಗಳು ಜಾಸ್ತಿಯಾಗುತ್ತವೆ. ಮುಂದೆ ಲೈಟಿಲ್ಲದ ಎರಡು ಟ್ರೇಲರ್, ಹಿಂದಿನಿಂದ ಜೋರಾಗಿ ಬಂದ ಬೈಕ್. ಸೊಲ್ಲಾಪುರ–ಹುಬ್ಬಳ್ಳಿ ನಡುವಿನ ಹೆದ್ದಾರಿ 52, ಸಿಂದಗಿಯಿಂದ ಬಂದು ಹುನಗುಂದದ ಕಡೆ ಹೋಗುವ ಹೆದ್ದಾರಿ 50, ಎರಡೂ ನಮ್ಮೂರನ್ನು ಮುಟ್ಟಿಯೇ ಹೋಗುತ್ತವೆ. ಹೆಲ್ಮೆಟ್ ಇರುತ್ತದೆ, ಪೆಟ್ರೋಲ್ ಟ್ಯಾಂಕಿನ ಮೇಲೆ.

ತಲೆಯೊಳಗೆ ರಕ್ತ ಹೆಪ್ಪುಗಟ್ಟಿದ್ದರೆ ಅದನ್ನು ನ್ಯೂರೋಸರ್ಜನ್ ತೆಗೆಯುತ್ತಾರೆ. ಅಷ್ಟು ಹೊತ್ತು ರೋಗಿಯ ಉಸಿರು, ಬಿಪಿ, ನಿದ್ದೆ ನನ್ನ ಕೈಯಲ್ಲಿ. ಆಪರೇಷನ್ ಮುಗಿದರೆ ರೋಗಿ ಐಸಿಯುಗೆ, ನಾನು ಮುಂದಿನ ಕೇಸಿಗೆ. ಆರು ತಿಂಗಳಾದ ಮೇಲೆ ಆ ಮನುಷ್ಯ ಹೊಲಕ್ಕೆ ಹೋಗುತ್ತಿದ್ದಾನಾ, ಹಾಸಿಗೆಯಲ್ಲೇ ಇದ್ದಾನಾ? ನಮ್ಮ ವಿಭಾಗದಲ್ಲಿ ಯಾರಿಗೂ ಗೊತ್ತಿರುತ್ತಿರಲಿಲ್ಲ. ಅದಕ್ಕೇ ಒಂದು ರಿಜಿಸ್ಟರ್ ಶುರು ಮಾಡಿದೆ.

ನಮ್ಮಲ್ಲಿ ಸಂಶೋಧನೆ ಅಂದ ತಕ್ಷಣ ನೆನಪಾಗುವುದು ಎಂಡಿ ಥೀಸಿಸ್. ಹರ್ನಿಯಾ ಆಪರೇಷನ್ನಿಗೆ ಬಂದ ಗಟ್ಟಿಮುಟ್ಟಾದವರಲ್ಲಿ ಎರಡು ಔಷಧಿ ಹೋಲಿಸಿ, ಯಾವುದರಲ್ಲಿ ಸ್ಪೈನಲ್, ಅಂದರೆ ಬೆನ್ನಿಗೆ ಕೊಡುವ ಅರಿವಳಿಕೆ, ನಾಲ್ಕು ನಿಮಿಷ ಜಾಸ್ತಿ ನಿಂತಿತು ಅಂತ ಬರೆಯುವುದು. ಬೇಡ ಅನ್ನುವುದಿಲ್ಲ, ಹುಡುಗರು ಅದರಲ್ಲೇ ಕಲಿಯುತ್ತಾರೆ. ಆದರೆ ನಮ್ಮ ಓಟಿಯಲ್ಲಿ ಜನ ಸಾಯುವುದು ಹರ್ನಿಯಾದಿಂದ ಅಲ್ಲ, ಅಲ್ವಾ?

ಏನು ಬರೆದಿಡಬೇಕು ಅಂತ ಗೊತ್ತಾಗಿದ್ದು 1993ರ ಒಂದು ಹಳೇ ಅಧ್ಯಯನದಿಂದ. ಅಮೆರಿಕದಲ್ಲಿ ಚೆಸ್ನಟ್ ಮತ್ತು ಸಂಗಡಿಗರು ತೀವ್ರ ತಲೆಪೆಟ್ಟಿನ 717 ಜನರ ದಾಖಲೆ ನೋಡಿದರು. ಮೇಲಿನ ಬಿಪಿ 90ಕ್ಕಿಂತ ಒಮ್ಮೆ ಕೆಳಗಿಳಿದಿದ್ದರೂ ಸಾವಿನ ಪ್ರಮಾಣ ಸುಮಾರು ದುಪ್ಪಟ್ಟಿತ್ತು. ಪೆಟ್ಟು ಬಿದ್ದಾಗಲೇ ಸತ್ತ ಜೀವಕೋಶಗಳನ್ನು ಯಾರೂ ವಾಪಸ್ ತರಲಾರರು. ಅದರ ಸುತ್ತ ಅರೆಜೀವದಲ್ಲಿರುವ ಭಾಗಕ್ಕೆ ರಕ್ತ ಮತ್ತು ಆಕ್ಸಿಜನ್ ಸಿಗದಿದ್ದರೆ ಅದೂ ಹೋಗುತ್ತದೆ. ಈ ಎರಡನೇ ಪೆಟ್ಟು ರಸ್ತೆಯಲ್ಲಿ ಬೀಳುವುದಿಲ್ಲ, ನಮ್ಮ ಕಣ್ಣೆದುರು ಬೀಳುತ್ತದೆ. 2016ರ ಬ್ರೈನ್ ಟ್ರಾಮಾ ಫೌಂಡೇಶನ್ ಮಾರ್ಗಸೂಚಿ ಗಡಿಯನ್ನು ಇನ್ನೂ ಮೇಲೆತ್ತಿತು. 15ರಿಂದ 49 ವರ್ಷದವರಿಗೆ ಮತ್ತು 70 ದಾಟಿದವರಿಗೆ 110, 50ರಿಂದ 69ರವರಿಗೆ 100.

ಹಾಗಾಗಿ ರಿಜಿಸ್ಟರಿನ ಮುಖ್ಯ ಕಾಲಂ ಇದು: ಬಿಪಿ ಈ ಗಡಿಗಿಂತ ಕೆಳಗೆ ಎಷ್ಟು ನಿಮಿಷ ಇತ್ತು, ಯಾವಾಗ ಇತ್ತು. ಜೊತೆಗೆ ಬಂದಾಗ ಎಷ್ಟು ಎಚ್ಚರವಿತ್ತು ಅಂತ ಅಳೆಯುವ ಗ್ಲಾಸ್ಗೋ ಸ್ಕೋರ್, ಕಣ್ಣಿನ ಪಾಪೆ, ಅತಿ ಕಡಿಮೆ ಆಕ್ಸಿಜನ್, ಕಾರ್ಬನ್ ಡೈಆಕ್ಸೈಡ್, ಸಕ್ಕರೆ. 1974ರಲ್ಲಿ ಗ್ಲಾಸ್ಗೋದ ಟೀಸ್‌ಡೇಲ್ ಮತ್ತು ಜೆನೆಟ್ ಮಾಡಿದ ಆ ಸ್ಕೋರಿನಲ್ಲಿ ಒಟ್ಟು 15 ಅಂಕ, 8 ಅಥವಾ ಕಡಿಮೆ ಇದ್ದರೆ ತೀವ್ರ. ನಾನು ಒಟ್ಟು ಅಂಕಕ್ಕಿಂತ ಕೈಕಾಲಿನ ಪ್ರತಿಕ್ರಿಯೆಯ 6 ಅಂಕವನ್ನು ಬೇರೆಯಾಗಿ ಬರೆಸುತ್ತೇನೆ. ಮಾತಿನ ಅಂಕ ನಮ್ಮಲ್ಲಿ ಸುಲಭವಲ್ಲ. ತಾಂಡಾದ ಅಜ್ಜ ಲಂಬಾಣಿಯಲ್ಲಿ ಸರಿಯಾಗೇ ಉತ್ತರ ಕೊಡುತ್ತಿರುತ್ತಾನೆ, ಹೊಸ ಹೌಸ್ ಸರ್ಜನ್ ಗೊಂದಲದಲ್ಲಿದ್ದಾನೆ ಅಂತ ಬರೆಯುತ್ತಾನೆ. ಕುಡಿದ ವಾಸನೆ ಬಂದರಂತೂ ಕಡಿಮೆ ಸ್ಕೋರಿಗೆ ಕುಡಿತವೇ ಕಾರಣ ಅಂತ ಎಲ್ಲರೂ ಒಪ್ಪಿಬಿಡುತ್ತಾರೆ. ಸಿಟಿ ಸ್ಕ್ಯಾನ್ ಆಗುವವರೆಗೆ ಆ ಮಾತು ನಮ್ಮಲ್ಲಿ ನಿಷಿದ್ಧ.

ಬಿಪಿಯನ್ನು ಚಾರ್ಟಿನಿಂದ ತೆಗೆದುಕೊಳ್ಳಲಿಲ್ಲ. ಕೈಬರಹದ ಅನಸ್ತೇಷಿಯಾ ಚಾರ್ಟಿನಲ್ಲಿ ಎಲ್ಲರ ಬಿಪಿಯೂ ಚೆಂದವಾಗೇ ಇರುತ್ತದೆ. ಕೇಸು ಮುಗಿದ ಮೇಲೆ ಬರೆಯುವಾಗ ತಗ್ಗುದಿಣ್ಣೆಗಳು ತಾವಾಗೇ ಸಮವಾಗುತ್ತವೆ. ಮಾನಿಟರಿನ ಮೆಮೊರಿಯಲ್ಲಿರುವ ಅಂಕಿಗಳನ್ನೇ ಟೆಕ್ನಿಷಿಯನ್ ಇಳಿಸಿಕೊಳ್ಳುತ್ತಾನೆ, ನಾನಲ್ಲ. ನೈತಿಕ ಸಮಿತಿಯ ಅನುಮತಿ ಮೊದಲೇ ತೆಗೆದುಕೊಂಡೆ. ಮುಂದೆ ಫೋನ್ ಮಾಡುವುದಕ್ಕೆ ಮನೆಯವರ ಒಪ್ಪಿಗೆ ಬರೆಸಿಕೊಳ್ಳುತ್ತೇವೆ. ಎಕ್ಸೆಲ್ ಹಾಳೆಯಲ್ಲಿ ಹೆಸರಿಲ್ಲ, ಕೋಡ್ ಮಾತ್ರ.

ಪುಟಗಳು ತುಂಬುತ್ತಾ ಹೋದ ಹಾಗೆ ಬಿಪಿ ಬೀಳುವುದು ಎಲ್ಲೆಂದರಲ್ಲಿ ಅಲ್ಲ ಅಂತ ಕಂಡಿತು. ಹೆಚ್ಚಾಗಿ ಮೂರೇ ಜಾಗ.

ಒಂದು, ಸಿಟಿ ಸ್ಕ್ಯಾನಿಗೆ ಹೋಗಿ ಬರುವ ದಾರಿ. ಅಲ್ಲಿ ಬಿಪಿ ಬೀಳುತ್ತಿತ್ತು ಅನ್ನುವುದಕ್ಕಿಂತ ಅಲ್ಲಿ ಬಿಪಿಯೇ ಬರೆದಿರುತ್ತಿರಲಿಲ್ಲ. ಆಕ್ಸಿಜನ್ ಇಳಿಯುವುದೂ ಅಲ್ಲೇ. ಒದ್ದಾಡುವ ರೋಗಿಗೆ ಯಾರೋ ನಿದ್ದೆಯ ಸೂಜಿ ಹಾಕುತ್ತಾರೆ, ನಾಲಗೆ ಹಿಂದೆ ಬೀಳುತ್ತದೆ. ಸಿಲಿಂಡರ್ ಗೇಜ್ ನೋಡಿದವರು ಯಾರೂ ಇರುವುದಿಲ್ಲ. ತುಂಬಿದ ಬಿ ಟೈಪ್ ಸಿಲಿಂಡರಿನಲ್ಲಿ ಸುಮಾರು 1500 ಲೀಟರ್ ಇರುತ್ತದೆ. ನಿಮಿಷಕ್ಕೆ 10 ಲೀಟರ್ ಹರಿಸಿದರೆ ಎರಡೂವರೆ ತಾಸು. ಗೇಜ್ ಅರ್ಧ ತೋರಿಸಿದರೆ ಸಮಯವೂ ಅರ್ಧ. ಈ ಲೆಕ್ಕವನ್ನು ಈಗ ವಾರ್ಡ್ ಹುಡುಗರೂ ಬಾಯಲ್ಲೇ ಹೇಳುತ್ತಾರೆ. ಸ್ಕೋರ್ 8ರ ಒಳಗಿದ್ದರೆ ಉಸಿರಿನ ಟ್ಯೂಬ್ ಹಾಕಿಯೇ ಸ್ಕ್ಯಾನಿಗೆ. ಸಣ್ಣ ಮಾನಿಟರ್ ಜೊತೆಗಿರಬೇಕು, ನಮ್ಮಲ್ಲಿ ಒಬ್ಬರು ಸಿರಿಂಜಿನಲ್ಲಿ ಬಿಪಿ ಏರಿಸುವ ಮೆಫೆಂಟರ್ಮಿನ್ ತುಂಬಿಟ್ಟುಕೊಂಡು ಹೋಗಬೇಕು.

ಎರಡು, ನಿದ್ದೆ ಕೊಟ್ಟ ಮೊದಲ ಹತ್ತು ನಿಮಿಷ. ದೂರದಿಂದ ಬರುವವರಿಗೆ ದಾರಿಯಲ್ಲೇ ಎಲ್ಲೋ ಮಿದುಳಿನ ಬಾವು ಇಳಿಸಲು ಮೂತ್ರ ಹೆಚ್ಚಿಸುವ ಮ್ಯಾನಿಟಾಲ್ ಹಾಕಿರುತ್ತಾರೆ. ಮೂತ್ರದ ಚೀಲ ತುಂಬಿರುತ್ತದೆ, ರಕ್ತನಾಳ ಒಣಗಿರುತ್ತದೆ. ಬಿಪಿ ಮಾತ್ರ 140. ತಲೆಯೊಳಗಿನ ಒತ್ತಡವೇ ಅದನ್ನು ಎತ್ತಿ ಹಿಡಿದಿರುತ್ತದೆ. ಅದನ್ನು ನಂಬಿ ನಿದ್ದೆಯ ಔಷಧಿ ಪ್ರೊಪೊಫಾಲ್ ಪೂರ್ತಿ ಡೋಸ್ ಕೊಟ್ಟರೆ 70ಕ್ಕೆ ಕುಸಿಯುತ್ತದೆ. ಈಗ ಮೊದಲು ನಾರ್ಮಲ್ ಸಲೈನ್, ಬೇಕಿದ್ದರೆ ರಕ್ತ. ಆಮೇಲೆ ಕಡಿಮೆ ಡೋಸ್, ಬಿಪಿ ತೀರಾ ಅಲುಗಾಡುತ್ತಿದ್ದರೆ ಅದರ ಬದಲು ಕೆಟಮಿನ್ ಅನ್ನುವ ಇನ್ನೊಂದು ನಿದ್ದೆಯ ಔಷಧಿ. ಕೆಟಮಿನ್ ತಲೆಯ ಒತ್ತಡ ಏರಿಸುತ್ತದೆ ಅಂತ ನಾವೆಲ್ಲ ಓದಿಯೇ ಪಾಸಾದೆವು. ವೆಂಟಿಲೇಟರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಹತೋಟಿಯಲ್ಲಿರುವ ರೋಗಿಗಳಲ್ಲಿ ಆ ಭಯ ನಿಲ್ಲಲಿಲ್ಲ. ರಕ್ತನಾಳ ತುಂಬಿಸಲು ಹಾಕುವ ಆಲ್ಬುಮಿನ್ (ಪ್ರೋಟೀನ್ ದ್ರವ) ಬಾಟಲಿಯನ್ನು ಮಾತ್ರ ತಲೆಪೆಟ್ಟಿನವರ ಹತ್ತಿರ ತರಬೇಡಿ ಅನ್ನುತ್ತೇನೆ. ಅದರಿಂದ ಸಾವು ಹೆಚ್ಚಿತ್ತು ಅಂತ ಸೇಫ್ ಅಧ್ಯಯನದ 2007ರ ವರದಿ ಹೇಳಿತು.

ನಮ್ಮ ಕಡೆಯ ಇನ್ನೊಂದು ತಲೆನೋವು ಇದೇ ಹತ್ತು ನಿಮಿಷದಲ್ಲಿ ಬರುತ್ತದೆ: ಗುಟ್ಕಾ. ಮೂವತ್ತರ ಹುಡುಗ, ಜಗಿದು ಜಗಿದು ಬಾಯಿ ಎರಡು ಬೆರಳೂ ತೆರೆಯುವುದಿಲ್ಲ. ಕುತ್ತಿಗೆಗೆ ಕಾಲರ್, ಹೊಟ್ಟೆ ತುಂಬ ಧಾಬಾದ ಊಟ. ಎಚ್ಚರವಿದ್ದಾಗಲೇ ಮೂಗಿನಿಂದ ಸ್ಕೋಪ್ ಹಾಕೋಣ ಅಂದರೆ ಒದ್ದಾಡುತ್ತಾನೆ, ತಲೆಬುರುಡೆಯ ತಳ ಒಡೆದಿದ್ದರೆ ಮೂಗಿನ ದಾರಿಯೇ ಬೇಡ. ಗಂಟಲು ತೋರಿಸುವ ವಿಡಿಯೋ ಲ್ಯಾರಿಂಗೋಸ್ಕೋಪ್ ಮತ್ತು ಟ್ಯೂಬಿಗೆ ದಾರಿ ತೋರುವ ಬೂಜಿ ಕಡ್ಡಿ ಕೈಗೆ ಸಿಗುವಲ್ಲಿ ಇಟ್ಟು, ಕತ್ತಿನಲ್ಲಿ ತೂತು ಮಾಡಲು ಸರ್ಜನ್ ಗ್ಲೌಸ್ ಹಾಕಿ ನಿಂತ ಮೇಲೆಯೇ ನಾನು ಔಷಧಿ ಕೊಡುವುದು. ಟ್ಯೂಬನ್ನು ಪ್ಲಾಸ್ಟರ್‌ನಿಂದ ಅಂಟಿಸುತ್ತೇನೆ. ಕುತ್ತಿಗೆ ಸುತ್ತ ದಾರ ಬಿಗಿದರೆ ತಲೆಯಿಂದ ಇಳಿಯುವ ರಕ್ತಕ್ಕೆ ದಾರಿ ಇರುವುದಿಲ್ಲ.

ಮೂರನೆಯದು ಡ್ಯೂರಾ, ಅಂದರೆ ಮಿದುಳಿನ ಹೊರಪೊರೆ, ತೆರೆದ ಕ್ಷಣ. ಹೆಪ್ಪು ಹೊರಗೆ ಬಂತು, ಒತ್ತಡ ಹೋಯಿತು, ಬಿಪಿಯನ್ನು ಎತ್ತಿ ಹಿಡಿದಿದ್ದ ಶಕ್ತಿಯೂ ಹೋಯಿತು. ಇದಕ್ಕೆ ದೊಡ್ಡ ಯಂತ್ರ ಬೇಕಿಲ್ಲ. ತೆರೆಯುವ ಮುಂಚೆ ಸರ್ಜನ್ ಬಾಯಿಬಿಟ್ಟು ಹೇಳಬೇಕು. ಬಿಪಿ ಎತ್ತುವ ನಾರ್‌ಅಡ್ರಿನಲಿನ್ ಪಂಪ್ ಆಗಲೇ ಓಡುತ್ತಿರಬೇಕು, ರಕ್ತ ಓಟಿಯೊಳಗೇ ಇರಬೇಕು, ಬ್ಲಡ್ ಬ್ಯಾಂಕಿನಲ್ಲಲ್ಲ. ಮೊದಮೊದಲು ಇದು ಸರ್ಜನ್ನರಿಗೆ ಕಿರಿಕಿರಿ ಅನ್ನಿಸಿತು. ಮಾನಿಟರಿನಿಂದ ತೆಗೆದ ಗ್ರಾಫ್ ತೋರಿಸಿದ ಮೇಲೆ ಅವರೇ ಕೇಳತೊಡಗಿದರು.

ಉಳಿದ ಬದಲಾವಣೆಗಳು ಸಣ್ಣವು. ಗಾಬರಿಯಲ್ಲಿ ಕೈಯಿಂದ ಉಸಿರು ಕೊಡುವ ಆಂಬು ಬ್ಯಾಗನ್ನು ಪಟಪಟ ಒತ್ತುವುದು ನಿಂತಿತು, ಏಕೆಂದರೆ ಕಾರ್ಬನ್ ಡೈಆಕ್ಸೈಡ್ ಜಾಸ್ತಿ ಇಳಿದರೆ ಮಿದುಳಿನ ರಕ್ತನಾಳ ಕುಗ್ಗುತ್ತದೆ. ತಲೆ 30 ಡಿಗ್ರಿ ಮೇಲೆ. ಸ್ಟಿರಾಯ್ಡ್ ಬೇಡವೇ ಬೇಡ. 2004ರ ಕ್ರ್ಯಾಶ್ ಪ್ರಯೋಗದಲ್ಲಿ 10,008 ಜನರಿದ್ದರು, ಎರಡು ವಾರದಲ್ಲಿ ಸ್ಟಿರಾಯ್ಡ್ ಪಡೆದವರಲ್ಲಿ ಶೇ. 21.1, ಪಡೆಯದವರಲ್ಲಿ ಶೇ. 17.9 ಸಾವು. ಆದರೂ ಇಂದಿಗೂ ಡೆಕ್ಸಾ ಅನ್ನುವ ಸ್ಟಿರಾಯ್ಡ್ ಹಾಕಿಸಿಕೊಂಡೇ ಬರುವವರಿದ್ದಾರೆ. ರಕ್ತಸ್ರಾವ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್ ವಿಷಯ ಬೇರೆ. 2019ರ ಕ್ರ್ಯಾಶ್-3 ಪ್ರಯೋಗದಲ್ಲಿ ಅದನ್ನು ಮೂರು ತಾಸಿನೊಳಗೆ ಕೊಟ್ಟಾಗ ಸೌಮ್ಯ ಮತ್ತು ಮಧ್ಯಮ ಪೆಟ್ಟಿನವರಲ್ಲಿ ಉಪಯೋಗ ಕಂಡಿತು. ಮುದ್ದೇಬಿಹಾಳದ ಹಳ್ಳಿಯಿಂದ ಇಲ್ಲಿಗೆ ಬರುವಷ್ಟರಲ್ಲಿ ಆ ಮೂರು ತಾಸು ರಸ್ತೆಯಲ್ಲೇ ಮುಗಿದಿರುತ್ತದೆ. ಹಾಗಾಗಿ ತಾಲೂಕಿನ ವೈದ್ಯರಿಗೆ ನಾನು ಹೇಳುವುದು ಇಷ್ಟೇ: ಮೊದಲ ಗ್ರಾಂ ನೀವೇ ಕೊಟ್ಟು ಕಳಿಸಿ, ಆಕ್ಸಿಜನ್ ಹಚ್ಚಿ ಕಳಿಸಿ, ಡೆಕ್ಸಾ ಬಿಟ್ಟುಬಿಡಿ.

ತಲೆಯೊಳಗಿನ ಒತ್ತಡ ಅಳೆಯುವ ತಂತಿ ನಮ್ಮಲ್ಲಿಲ್ಲ. 2012ರಲ್ಲಿ ಬೊಲಿವಿಯಾ ಮತ್ತು ಈಕ್ವೆಡಾರ್‌ನಲ್ಲಿ 324 ಜನರ ಮೇಲೆ ನಡೆದ ಅಧ್ಯಯನದಲ್ಲಿ, ತಂತಿ ಹಾಕಿ ಚಿಕಿತ್ಸೆ ಮಾಡಿದವರಿಗೂ ಮೇಲಿಂದ ಮೇಲೆ ಪರೀಕ್ಷೆ ಮತ್ತು ಸ್ಕ್ಯಾನ್ ಮಾಡಿ ನೋಡಿಕೊಂಡವರಿಗೂ ಫಲಿತಾಂಶದಲ್ಲಿ ದೊಡ್ಡ ವ್ಯತ್ಯಾಸ ಬರಲಿಲ್ಲ. ತಂತಿ ವ್ಯರ್ಥ ಅಂತ ಇದರ ಅರ್ಥವಲ್ಲ. ತಂತಿ ಇಲ್ಲದಿದ್ದರೆ ತಾಸಿಗೊಮ್ಮೆ ಪಾಪೆ ನೋಡುವವರು ಬೇಕು, ಅಷ್ಟೇ.

ಆರು ತಿಂಗಳ ಫೋನ್ ಎಲ್ಲಕ್ಕಿಂತ ಕಷ್ಟದ ಕೆಲಸ. ರೋಗಿ ಎಷ್ಟು ಚೇತರಿಸಿಕೊಂಡ ಅಂತ ಅಳೆಯುವ ಗ್ಲಾಸ್ಗೋ ಔಟ್‌ಕಮ್ ಸ್ಕೇಲ್‌ನ ವಿಸ್ತೃತ ರೂಪದಲ್ಲಿ 8 ಹಂತಗಳಿವೆ, 1 ಅಂದರೆ ಸಾವು, 8 ಅಂದರೆ ಪೂರ್ತಿ ಗುಣ. ಫೋನಿನಲ್ಲೇ ಕೇಳಬಹುದಾದ ಪ್ರಶ್ನೆಗಳು. ಆದರೆ ರೀಚಾರ್ಜ್ ಮುಗಿದ ಸಿಮ್ ಬದಲಾಗಿರುತ್ತದೆ. ಈಗ ಊರಿನ ಕಿರಾಣಿ ಅಂಗಡಿಯದೋ ನೆಂಟರದೋ ಎರಡನೇ ನಂಬರ್ ಇಲ್ಲದೆ ಡಿಸ್ಚಾರ್ಜ್ ಕಾಗದಕ್ಕೆ ಸಹಿ ಹಾಕುವುದಿಲ್ಲ. ಗೋವಾ, ಪುಣೆಗೆ ದುಡಿಯಲು ಹೋದವರು ದೀಪಾವಳಿಗೆ ಊರಲ್ಲಿರುತ್ತಾರೆ. ಆ ವಾರ ನಾವು ಉಳಿದುಹೋದ ಫೋನ್‌ಗಳನ್ನೆಲ್ಲ ಮುಗಿಸುತ್ತೇವೆ.

ಪ್ರಶ್ನೆಗಳನ್ನು ಇಲ್ಲಿಯ ಬದುಕಿಗೆ ಹೊಂದಿಸಿಕೊಂಡೆ. ಒಬ್ಬನೇ ಸಂತೆಗೆ ಹೋಗಿ ಚಿಲ್ಲರೆ ಎಣಿಸಿ ತರುತ್ತಾನಾ? ದ್ರಾಕ್ಷಿ ತೋಟಕ್ಕೆ ಔಷಧಿ ಅಳತೆ ಮಾಡಿ ಬೆರೆಸುತ್ತಾನಾ? ಬಸ್ಸು ಬದಲಾಯಿಸಿಕೊಂಡು ಇಂಡಿಗೆ ಹೋಗಿಬರುತ್ತಾನಾ? ಬರೀ "ಆರಾಮ ಅದಾರೇನು?" ಅಂತ ಕೇಳಿದರೆ "ಆರಾಮ ಅದಾರ್ರಿ" ಅಂತಲೇ ಉತ್ತರ ಬರುತ್ತದೆ. ಎರಡನೇ ಸಲ ಹೆಂಡತಿಗೆ ಫೋನ್ ಕೊಡಿ ಅಂದರೆ ಬೇರೆ ಕಥೆ. "ಮೈ ಆರಾಮ ಐತ್ರಿ, ಆದ್ರ ಮದ್ಲಿನ ಮನಶಾ ಅಲ್ರಿ. ಸಣ್ಣದಕ್ಕೂ ಸಿಟ್ಟು." ಹಂತ 8 ಆಗಬೇಕಿದ್ದದ್ದು ಇಂಥ ಉತ್ತರದಿಂದ ಎಷ್ಟೋ ಸಲ 6ಕ್ಕೆ ಇಳಿಯುತ್ತದೆ.

ಈ ಫೋನ್‌ಗಳಿಂದಾಗಿ ಆಪರೇಷನ್ನಿಗೆ ಮುಂಚೆ ಮನೆಯವರ ಜೊತೆ ನಾನು ಮಾತಾಡುವ ರೀತಿ ಬದಲಾಯಿತು. ಒತ್ತಡ ಇಳಿಸಲು ತಲೆಬುರುಡೆಯ ತುಂಡು ತೆಗೆಯುವುದರ ಬಗ್ಗೆ 2016ರ ಅಧ್ಯಯನವೊಂದಿದೆ. ಆರು ತಿಂಗಳಿಗೆ ಔಷಧಿ ಮಾತ್ರ ಪಡೆದವರಲ್ಲಿ ಶೇ. 48.9 ಸತ್ತಿದ್ದರು, ಆಪರೇಷನ್ ಆದವರಲ್ಲಿ ಶೇ. 26.9. ಆದರೆ ಪ್ರಜ್ಞೆ ಮರಳದೆ ಬರೀ ಉಸಿರಾಡುತ್ತ ಉಳಿದವರು ಆಪರೇಷನ್ ಗುಂಪಿನಲ್ಲಿ ಶೇ. 8.5, ಇನ್ನೊಂದರಲ್ಲಿ ಶೇ. 2.1. "ಜೀವ ಉಳಿತೈತೇನ್ರಿ?" ಅಂತ ಕೇಳಿದಾಗ ಈಗ ಎರಡೂ ಭಾಗ ಹೇಳುತ್ತೇನೆ. ಕೆಲವರಿಗೆ ಸಿಟ್ಟು ಬರುತ್ತದೆ.

ರಿಜಿಸ್ಟರಿನಿಂದ ಸಾವು ಕಡಿಮೆಯಾಯಿತು ಅಂತ ನಾನು ಹೇಳಲಾರೆ. ಒಂದೇ ಆಸ್ಪತ್ರೆಯ ಲೆಕ್ಕ, ಹೋಲಿಸಲು ಬೇರೆ ಗುಂಪಿಲ್ಲ. ಪೆಟ್ಟು ದೊಡ್ಡದಿದ್ದವರ ಬಿಪಿ ಬೀಳುವುದೂ ಸಹಜ, ಅವರು ಸಾಯುವುದೂ ಸಹಜ. ಅದನ್ನು ಬಿಡಿಸಿ ನೋಡಲು ಬೆಳಗಾವಿ, ಬಾಗಲಕೋಟೆಯವರೂ ಇದೇ ಕಾಲಂ ಇಟ್ಟು ಬರೆಯಬೇಕು. ಕೇಳಿದವರಿಗೆ ಖಾಲಿ ನಮೂನೆ ಕಳಿಸುತ್ತಿದ್ದೇನೆ. ಮೊನ್ನೆ ಅದರಲ್ಲಿ ಹೊಸದಾಗಿ ಒಂದು ಕಾಲಂ ಸೇರಿಸಿದೆ: ಫೋನಿನಲ್ಲಿ ಉತ್ತರ ಕೊಟ್ಟವರು ಯಾರು, ರೋಗಿಯೋ, ಹೆಂಡತಿಯೋ?