ಚಿಟ್ಟೆಯ ಛಾಯಾಗ್ರಹಣ: ಕ್ಯಾಮೆರಾಕ್ಕಿಂತ ಮೊದಲು ಗಿಡದ ಪರಿಚಯ

ಚಿಟ್ಟೆಯ ಚಿತ್ರ ತೆಗೆಯಬೇಕೆನ್ನುವವರು ಮೊದಲು ವಿಚಾರಿಸುವುದು ಲೆನ್ಸಿನ ಬಗ್ಗೆ. ಆದರೆ ಮೊದಲು ಕಲಿಯಬೇಕಾದದ್ದು ಗಿಡಗಳನ್ನು ಗುರುತಿಸುವುದು. ಹಾರುವ ಚಿಟ್ಟೆಯ ಬೆನ್ನು ಹತ್ತಿದರೆ ದಣಿವಷ್ಟೇ ಸಿಗುತ್ತದೆ. ಅದು ಬರುವ ಗಿಡದ ಬಳಿ ಕಾದು ನಿಲ್ಲುವುದೇ ಸರಿಯಾದ ಕ್ರಮ. ಚಿಟ್ಟೆಗಳಲ್ಲಿ ಪ್ಲೇನ್ ಟೈಗರ್ ಎಕ್ಕದ ಗಿಡದ ಮೇಲೆ, ಕಾಮನ್ ಮಾರ್ಮನ್ ಕರಿಬೇವು ಹಾಗೂ ನಿಂಬೆಯ ಎಲೆಗಳ ಮೇಲೆ, ಕ್ರಿಮ್ಸನ್ ರೋಸ್ ಈಶ್ವರಿ ಬಳ್ಳಿಯ ಮೇಲೆ ಮೊಟ್ಟೆಯಿಡುತ್ತವೆ. ಹಿತ್ತಲಿನಲ್ಲಿ ಒಂದು ಕರಿಬೇವಿನ ಗಿಡವಿದ್ದರೆ ಅಭ್ಯಾಸವನ್ನು ಅಲ್ಲಿಂದಲೇ ಆರಂಭಿಸಬಹುದು. ಮಕರಂದಕ್ಕಾಗಿ ಬರುವವುಗಳಿಗೆ ಚಾಮುಂಡಿ ಬೆಟ್ಟದ ತಪ್ಪಲಿನ ಲಾಂಟಾನ ಪೊದೆಗಳನ್ನು ನೋಡಬೇಕು. ಕಾಡಿಗೆ ಅದು ಪಿಡುಗಾದರೂ ಚಿಟ್ಟೆಗಳಿಗೆ ಆ ತಕರಾರಿಲ್ಲ. ಮಂಡ್ಯದ ಕಡೆಯವರು ನಾಲೆಯ ಬದಿಯ ಹಸಿ ಮಣ್ಣನ್ನು ಗಮನಿಸಲಿ. ಉಪ್ಪು, ಖನಿಜಗಳನ್ನು ಹೀರಲು ಗಂಡು ಚಿಟ್ಟೆಗಳು ಅಲ್ಲಿ ಗುಂಪಾಗಿ ಇಳಿಯುತ್ತವೆ, ಹೀರುವಾಗ ಬೇಗ ಕದಲುವುದಿಲ್ಲ.

ಮಳೆಗಾಲ ಮುಗಿಯುತ್ತಾ ಬರುವ ಸೆಪ್ಟೆಂಬರ್‌ನಿಂದ ನವೆಂಬರ್‌ವರೆಗಿನ ಅವಧಿ ಅನುಕೂಲಕರ. ಚಿಟ್ಟೆಯ ಮೈಗೆ ತನ್ನದೇ ಬಿಸಿ ಸಾಲದ ಕಾರಣ, ಬೆಳಗಿನ ಎಳೆಬಿಸಿಲಿನಲ್ಲಿ ರೆಕ್ಕೆ ಬಿಚ್ಚಿ ಕುಳಿತು ಮೈ ಕಾಯಿಸಿಕೊಂಡ ನಂತರವೇ ಅದು ಚುರುಕಾಗಿ ಹಾರಬಲ್ಲದು. ಆದ್ದರಿಂದ ಹತ್ತು ಗಂಟೆಯೊಳಗೆ ಕೆಲಸ ಮುಗಿಸುವುದು ಮೇಲು.

ಹತ್ತಿರ ಹೋಗುವಾಗ ನಿಮ್ಮ ನೆರಳು ಚಿಟ್ಟೆಯ ಮೇಲೆ ಬೀಳಬಾರದು. ಬಿದ್ದ ಕ್ಷಣವೇ ಅದು ಎದ್ದು ಹೋಗುತ್ತದೆ. ಮೈ ಬಗ್ಗಿಸಿ, ನಿಧಾನವಾಗಿ, ಅದು ಹೂವಿಗೆ ಹೀರುಕೊಳವೆ ಇಳಿಸಿದಾಗ ಮಾತ್ರ ಒಂದೊಂದೇ ಹೆಜ್ಜೆ ಮುಂದಿಡಿ. ಸಣ್ಣ ವಸ್ತುಗಳನ್ನು ತೀರಾ ಹತ್ತಿರದಿಂದ ತೆಗೆಯುವ ಮ್ಯಾಕ್ರೋ ಲೆನ್ಸ್ 100 ಮಿ.ಮೀ. ಇದ್ದರೆ ಚೆನ್ನ, ಇಲ್ಲದಿದ್ದರೆ 70-300 ಮಿ.ಮೀ. ಜೂಮ್ ಕೂಡ ಸಾಕು. ಶಟರ್ ವೇಗ (ಶಟರ್ ತೆರೆದಿರುವ ಅವಧಿ) 1/500 ಸೆಕೆಂಡ್, ಅಪರ್ಚರ್ (ಬೆಳಕು ಒಳಬರುವ ಕಿಂಡಿಯ ಅಳತೆ) ಎಫ್/8 ಇಟ್ಟು, ಬೆಳಕಿಗೆ ತಕ್ಕಂತೆ ಐಎಸ್ಒ (ಕ್ಯಾಮೆರಾದ ಬೆಳಕಿನ ಸಂವೇದನೆ) ಹೊಂದಿಸಿಕೊಳ್ಳಿ. ಇಷ್ಟಾದರೂ ಚಿತ್ರ ಅರ್ಧ ಮಸುಕಾಗುವುದಕ್ಕೆ ಸಾಮಾನ್ಯ ಕಾರಣವೆಂದರೆ ಕ್ಯಾಮೆರಾ ಓರೆಯಾಗಿರುವುದು. ಹತ್ತಿರದಿಂದ ತೆಗೆಯುವಾಗ ಸ್ಪಷ್ಟವಾಗಿ ಮೂಡುವ ಆಳ ಕೆಲವೇ ಮಿಲಿಮೀಟರ್. ಹಾಗಾಗಿ ರೆಕ್ಕೆ ಮಡಚಿ ಕುಳಿತಿದ್ದರೆ ನೇರ ಪಕ್ಕದಿಂದ, ಬಿಚ್ಚಿ ಕುಳಿತಿದ್ದರೆ ನೇರ ಮೇಲಿನಿಂದ, ಕ್ಯಾಮೆರಾ ರೆಕ್ಕೆಗೆ ಸಮಾನಾಂತರವಾಗಿರುವಂತೆ ಹಿಡಿದು, ಕಣ್ಣಿನ ಮೇಲೆ ಫೋಕಸ್ ಮಾಡಬೇಕು. ಮೊಬೈಲಿನಲ್ಲಾದರೆ ದೂರದ್ದನ್ನು ಹತ್ತಿರ ತೋರಿಸುವ ಟೆಲಿಫೋಟೋ ಲೆನ್ಸ್ ಬಳಸಿ. ಮುಖ್ಯ ಲೆನ್ಸಿನಿಂದ ತೆಗೆಯಲು ತೀರಾ ಹತ್ತಿರ ಹೋಗಬೇಕಾಗುತ್ತದೆ.

ರೆಕ್ಕೆಯ ಮೇಲ್ಭಾಗ, ಕೆಳಭಾಗ ಎರಡರ ಚಿತ್ರವನ್ನೂ ತೆಗೆದಿಡುವುದು ಗುರುತಿಸುವಿಕೆಗೆ ಅಗತ್ಯ. ಕಾಮನ್ ಮಾರ್ಮನ್ ಹೆಣ್ಣುಗಳಲ್ಲಿ ಒಂದು ಬಗೆ, ಹಕ್ಕಿಗಳಿಗೆ ರುಚಿಸದ ಕ್ರಿಮ್ಸನ್ ರೋಸ್‌ನ ವೇಷವನ್ನೇ ಹಾಕಿಕೊಂಡಿರುತ್ತದೆ. ರೆಕ್ಕೆಯನ್ನಷ್ಟೇ ನೋಡಿದರೆ ಮೋಸ ಹೋಗುವುದು ಸುಲಭ. ಮೈ ಕೆಂಪಾಗಿದ್ದರೆ ಅದು ಕ್ರಿಮ್ಸನ್ ರೋಸ್, ಕಪ್ಪಾಗಿದ್ದರೆ ಮಾರ್ಮನ್. ಆದ್ದರಿಂದ ಚೌಕಟ್ಟಿನಲ್ಲಿ ಹೊಟ್ಟೆಯ ಭಾಗ ಕತ್ತರಿಸಿ ಹೋಗದಂತೆ ನೋಡಿಕೊಳ್ಳಿ. ಜೊತೆಗೆ ದಿನಾಂಕ, ಸ್ಥಳ, ಕುಳಿತ ಗಿಡದ ಹೆಸರುಗಳನ್ನೂ ಬರೆದಿಡಿ. ಚಿಟ್ಟೆಯನ್ನು ಹಿಡಿದು ಫ್ರಿಜ್ಜಿನಲ್ಲಿಟ್ಟು ಮಂಕುಗೊಳಿಸಿ ಚಿತ್ರ ತೆಗೆಯುವವರೂ ಇದ್ದಾರೆ. ಅಂಥ ಚಿತ್ರದಲ್ಲಿ ಕಾಲುಗಳು ಹೂವನ್ನು ಹಿಡಿದಿರುವ ರೀತಿಯೇ ಅಸಹಜವಾಗಿ ಕಾಣುತ್ತದೆ.