ಸೋರುವ ಬಟ್ಟಲಿಗೆ ಅಕ್ಕಚ್ಚು

ಜಪಾನಿನ ಹಗಿ ಊರಿನಿಂದ ತಂದ ನನ್ನ ಮೊದಲ ಚಹಾ ಬಟ್ಟಲು ಎರಡನೇ ದಿನವೇ ಮೇಜಿನ ಮೇಲೆ ಒದ್ದೆ ಉಂಗುರ ಬಿಟ್ಟಿತು. ಬಿರುಕು ಬಿಟ್ಟದ್ದನ್ನು ತಲೆಗೆ ಕಟ್ಟಿದರೆಂದು ಗೊಣಗುತ್ತಿದ್ದೆ. ಪಕ್ಕದ ಮನೆಯ ಅಜ್ಜಿ ಕೇಳಿದ್ದು ಒಂದೇ ಮಾತು: ಅಕ್ಕಿ ತೊಳೆದ ನೀರಿನಲ್ಲಿ ಕುದಿಸಿದೆಯಾ? ಅಕ್ಕಚ್ಚು! ಮಲೆನಾಡಿನ ನಮ್ಮ ಮನೆಯಲ್ಲಿ ಅದು ಹಸುವಿನ ಪಾಲು.

ಕೊಳ್ಳುವಾಗ ಮೊದಲು ಬಟ್ಟಲನ್ನು ಮಗುಚಿ ನೋಡಿ. ಮೆರುಗು, ಅಂದರೆ ಗಾಜಿನಂಥ ಲೇಪ, ತಾಗದ ಮಣ್ಣು ಕಾಣುವುದು ಬಟ್ಟಲು ನಿಲ್ಲುವ ಅಡಿಯ ಉಂಗುರದಲ್ಲಿ, ಪಾದದಲ್ಲಿಯೇ. ಕ್ಯೋಟೊದ ದೈತೊಕುಜಿ ಝೆನ್ ಬೌದ್ಧ ಮಠದ ಕೊಹೋ-ಆನ್ ಉಪಮಠದಲ್ಲಿರುವ ಕಿಝಾಯೆಮೊನ್ ಬಟ್ಟಲು ಕೊರಿಯಾದಲ್ಲಿ ತಯಾರಾದದ್ದು. ಇಂದು ಜಪಾನಿನ ರಾಷ್ಟ್ರೀಯ ನಿಧಿ. ಅದರ ಪಾದದ ಸುತ್ತ ಮೆರುಗು ಸರಿಯಾಗಿ ಹರಡದೆ ಹನಿಗಟ್ಟಿದೆ. ಬೇರೆ ಕಡೆ ದೋಷವೆನಿಸುವ ಅದನ್ನೇ ಚಹಾ ರಸಿಕರು ಕಣ್ಣು ಕೀಲಿಸಿ ನೋಡುತ್ತಾರೆ. ಅದೇ ಮಠದ ಝೆನ್ ಗುರುಗಳ ಒಡನಾಟದಲ್ಲಿದ್ದ ಚಹಾ ಗುರು ಸೆನ್ ನೊ ರಿಕ್ಯೂ (1522–1591) ಬೆಳೆಸಿದ ಕಣ್ಣು ಅದು. ಹಗಿಯ ಆವಿಗೆಗಳನ್ನು ಹೂಡಿದವರೂ ಜಪಾನ್ 1592ರಲ್ಲಿ ಕೊರಿಯಾದ ಮೇಲೆ ನಡೆಸಿದ ದಂಡಯಾತ್ರೆಯ ಬಳಿಕ ಕರೆತಂದ ಕೊರಿಯಾದ ಕುಂಬಾರರೇ. ಬೇಕೆಂದೇ ಸೊಟ್ಟಗೆ ಮಾಡಿ ‘ವಾಬಿ-ಸಾಬಿ’ (ಊನದಲ್ಲೂ ಚೆಲುವು ಕಾಣುವ ಜಪಾನಿ ಅಭಿರುಚಿ) ಎಂದು ಚೀಟಿ ಅಂಟಿಸಿದ್ದು ಸಿಕ್ಕರೆ ಅಲ್ಲಿಯೇ ಬಿಟ್ಟು ಬನ್ನಿ.

ಹಗಿ ಮಣ್ಣು ಸುಟ್ಟ ಮೇಲೂ ಸಡಿಲ. ಆವಿಗೆಯಿಂದ ಬಂದು ಆರುವಾಗ ಮೆರುಗು ಮಣ್ಣಿಗಿಂತ ಹೆಚ್ಚು ಕುಗ್ಗಿ ಸಣ್ಣ ಬಲೆಯಂತೆ ಬಿರಿಯುತ್ತದೆ. ಸೋರುವುದು ಅದರ ಮೂಲಕ. ಪಾತ್ರೆಯ ತಳಕ್ಕೆ ಬಟ್ಟೆ ಹಾಸಿ, ಬಟ್ಟಲಿಟ್ಟು, ಮುಳುಗುವಷ್ಟು ತಣ್ಣನೆಯ ಅಕ್ಕಚ್ಚು ಸುರಿಯಿರಿ. ಮೊದಲ ತೊಳೆತದ ಗಟ್ಟಿ ನೀರೇ ಆಗಬೇಕು. ಸಣ್ಣ ಉರಿಯಲ್ಲಿ ಹದಿನೈದು ಇಪ್ಪತ್ತು ನಿಮಿಷ ಕುದಿಸಿ. ಒಲೆ ಆರಿಸಿದ ಮೇಲೆ ಕೈ ಹಾಕಬೇಡಿ. ಅದರಲ್ಲಿಯೇ ಪೂರ್ತಿ ತಣಿಯಲಿ. ಗಂಜಿಯ ಪಿಷ್ಟ ರಂಧ್ರಗಳಿಗೆ ಇಳಿಯುವುದು ಆಗಲೇ. ಬಳಿಕ ಲೋಳೆ ಹೋಗುವಂತೆ ತೊಳೆದು ಎರಡು ದಿನ ಒಣಗಿಸಿ. ಒಮ್ಮೆ ಅವಸರಪಟ್ಟು ಮರದ ಪೆಟ್ಟಿಗೆಗೆ ತುಂಬಿದೆ, ಬೂಷ್ಟು ವಾಸನೆ ಹಿಡಿಯಿತು. ಮತ್ತೆ ಬರೀ ನೀರಿನಲ್ಲಿ ಕುದಿಸಿ, ಬಿಸಿಲಿಗಿಟ್ಟು ಉಳಿಸಿಕೊಂಡೆ.

ಪಾದ ತರಿತರಿಯಾಗಿದ್ದರೆ ಮರಳು ಕಾಗದದಿಂದ ಉಜ್ಜಿ, ಇಲ್ಲವಾದರೆ ಮೇಜು ಗೀಚಿಹೋಗುತ್ತದೆ. ಪ್ರತಿ ಸಲ ಚಹಾ ಸುರಿಯುವ ಮೊದಲು ಬಟ್ಟಲನ್ನು ಕೆಲವು ನಿಮಿಷ ನೀರಿನಲ್ಲಿ ನೆನೆಸಿದರೆ ಚಹಾದ ಕಲೆ ಮಣ್ಣಿನೊಳಗೆ ಮೆಲ್ಲಗೆ ಇಳಿಯುತ್ತದೆ. ಆದರೂ ಇಳಿಯುತ್ತದೆ! ಹೀಗೆ ಬಣ್ಣ ಬದಲಾಗುವುದನ್ನು ಹಗಿಯವರು ‘ಏಳು ವೇಷ’ ಎನ್ನುತ್ತಾರೆ. ನನ್ನದು ಮೂರು ವರ್ಷಕ್ಕೆ ಜೇನಿನ ಬಣ್ಣಕ್ಕೆ ತಿರುಗಿದೆ. ಊರಿನಿಂದ ಬಂದ ಅಮ್ಮ ಕೊಳೆಯೆಂದುಕೊಂಡು ಬ್ಲೀಚ್ ಬಾಟಲಿ ತೆಗೆದಿದ್ದರು. ಮಣ್ಣು ಅದನ್ನೂ ಹೀರುತ್ತದೆ ಎಂದು ಓಡಿಹೋಗಿ ಕಸಿದುಕೊಂಡೆ.